ಕೆರೆಗೆ ದೋಣಿ ಬಿಟ್ಟರೆ ರೋಯಿಂಗ್ ಆಗದು

ಹುಬ್ಬಳ್ಳಿಯ ಉಣಕಲ್ ಕೆರೆಯ ಹೂಳು ತೆಗೆಯುವ ಮಾತು ಬಂದಾಗಲೆಲ್ಲ ಅದರ ಬೆನ್ನಿಗೇ ಇನ್ನೊಂದು ಮಾತು ಏಳುತ್ತದೆ. ಇಷ್ಟು ನೀರಿದೆ, ನಾಲ್ಕು ದೋಣಿ ಬಿಡಿ, ಜಲಕ್ರೀಡೆ ಶುರುವಾಗಲಿ, ನಮ್ಮ ಹುಡುಗರೂ ಒಲಿಂಪಿಕ್ಸಿಗೆ ಹೋಗಲಿ. ಗದಗಿನ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ ಕೆರೆಯ ವಿಷಯದಲ್ಲೂ ಇದೇ ಮಾತು. ಆಸೆಯಲ್ಲಿ ತಪ್ಪೇನಿಲ್ಲ, ಲೆಕ್ಕ ಮಾತ್ರ ತಲೆಕೆಳಗಾಗಿದೆ. ಈ ದೇಶದ ರೋಯಿಂಗ್ ಚರಿತ್ರೆ ತೆರೆದು ನೋಡಿದರೆ ದೊಡ್ಡ ಹೆಸರು ಮಾಡಿದ ಹಲವರು ನೀರಿನ ಊರಿನವರಲ್ಲ, ಒಣಭೂಮಿಯವರು.

2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ರೋಯಿಂಗಿನ ಮೊದಲ ಚಿನ್ನ ತಂದ ಬಜರಂಗ್ ಲಾಲ್ ತಾಖರ್ ರಾಜಸ್ಥಾನದ ಸೀಕರ್ ಕಡೆಯವರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಒಂಟಿ ದೋಣಿ ನಡೆಸಿ 13ನೆಯವರಾಗಿ ಬಂದ ದತ್ತು ಬಬನ್ ಭೋಕನಳ್ ನಾಸಿಕ್ ಜಿಲ್ಲೆಯ ಚಾಂದವಡ ತಾಲೂಕಿನವರು. ಅದು ನಮ್ಮ ರೋಣ, ಮುಂಡರಗಿಗಳ ಹಾಗೆಯೇ ಮಳೆ ಕೈಕೊಡುವ ಸೀಮೆ. 2024ರ ಪ್ಯಾರಿಸ್‌ನಲ್ಲಿ 23ನೇ ಸ್ಥಾನ ಪಡೆದ ಬಲರಾಜ್ ಪನ್ವಾರ್ ಹರಿಯಾಣದ ಕರ್ನಾಲ್‌ನವರು. ಮೂವರೂ ಹುಟ್ಟು ಹಿಡಿದದ್ದು ಸೈನ್ಯಕ್ಕೆ ಸೇರಿದ ಮೇಲೆ. ನೀರೊಂದೇ ಸಾಕಾಗಿದ್ದರೆ ತುಂಗಭದ್ರೆಯ ದಂಡೆಯಲ್ಲಿ ತಲೆತಲಾಂತರದಿಂದ ಹರಗೋಲು ಹಾಕುತ್ತ ಬಂದವರ ಮಕ್ಕಳು ಈ ಪಟ್ಟಿಯ ಮೊದಲಿಗೇ ಇರಬೇಕಿತ್ತು.

ಅವರು ಯಾಕಿಲ್ಲ ಎಂಬುದಕ್ಕೆ ಒಂದು ಉತ್ತರ ದೋಣಿಯಲ್ಲೇ ಇದೆ. ಹರಗೋಲಿನವ ಮುಂದೆ ನೋಡುತ್ತ, ಹುಟ್ಟನ್ನು ಕೈಯಲ್ಲೇ ಹಿಡಿದು ನೀರು ಬಗೆಯುತ್ತಾನೆ. ಕಯಾಕ್, ಕೆನೂಯಿಂಗ್ ಕೂಡ ಇದೇ ಜಾತಿಯವು, ಅವಕ್ಕೆ ಬೇರೆಯೇ ಒಕ್ಕೂಟ, ಬೇರೆಯೇ ಸ್ಪರ್ಧೆ. ಪತ್ರಿಕೆಗಳಲ್ಲಿ ಇವೆಲ್ಲವೂ ಒಟ್ಟಾಗಿ ‘ದೋಣಿ ಸ್ಪರ್ಧೆ’ ಆಗಿಬಿಡುವುದರಿಂದ ಗೊಂದಲ ಹುಟ್ಟುತ್ತದೆ. ರೋಯಿಂಗ್‌ನಲ್ಲಿ ಆಟಗಾರ ಗುರಿಗೆ ಬೆನ್ನು ಹಾಕಿ ಕೂರುತ್ತಾನೆ. ಹುಟ್ಟು ದೋಣಿಯ ಪಕ್ಕಕ್ಕೆ ಚಾಚಿದ ಲೋಹದ ತೋಳಿನ ತುದಿಯ ಕೊಂಡಿಯಲ್ಲಿ ಕೂತಿರುತ್ತದೆ. ಆ ತೋಳಿಗೆ ರಿಗ್ಗರ್ ಎನ್ನುತ್ತಾರೆ, ಕೊಂಡಿಗೆ ಗೇಟ್. ಕೂರುವ ಸೀಟು ಗಾಲಿಗಳ ಮೇಲೆ ಹಿಂದೆಮುಂದೆ ಜಾರುತ್ತದೆ, ಕಾಲು ದೋಣಿಗೇ ಬಿಗಿದ ಬೂಟಿನೊಳಗೆ ಇರುತ್ತದೆ. ಹಾಗಾಗಿ ಇದು ಕೈಯ ಆಟವೇ ಅಲ್ಲ, ತೊಡೆಯ ಆಟ. ತಾಲೀಮಿನಲ್ಲಿ ಬಸ್ಕಿ ಹೊಡೆದವನಿಗೆ ಇದು ಹರಗೋಲಿನವನಿಗಿಂತ ಬೇಗ ಅರ್ಥವಾಗುತ್ತದೆ.

ಇನ್ನೊಂದು ಉತ್ತರ ಚರಿತ್ರೆಯಲ್ಲಿದೆ, ಅದು ಸ್ವಲ್ಪ ಕಹಿ. ಈ ಆಟ ಹುಟ್ಟಿದ್ದೇ ಅಂಬಿಗರಿಂದ. ಲಂಡನ್ನಿನ ಥೇಮ್ಸ್ ನದಿಯಲ್ಲಿ ಜನರನ್ನು ದಾಟಿಸಿ ಹೊಟ್ಟೆ ಹೊರೆಯುತ್ತಿದ್ದ ತರುಣ ಅಂಬಿಗರಿಗಾಗಿ 1715ರಲ್ಲಿ ಥಾಮಸ್ ಡಾಗೆಟ್ ಎಂಬ ನಟ ಒಂದು ಪಂದ್ಯ ಏರ್ಪಡಿಸಿದ. ಗೆದ್ದವನಿಗೆ ಕೆಂಪು ಕೋಟು, ಬೆಳ್ಳಿಯ ಬಿಲ್ಲೆ. ಆ ಪಂದ್ಯ ಇಂದಿಗೂ ನಡೆಯುತ್ತಿದೆ. 1829ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳು ಪಂದ್ಯ ಕಟ್ಟಿದರು, 1839ರಲ್ಲಿ ಥೇಮ್ಸ್ ದಂಡೆಯ ಹೆನ್ಲಿಯಲ್ಲಿ ರೆಗಾಟ, ಅಂದರೆ ದೋಣಿ ಪಂದ್ಯಗಳ ಕೂಟ, ಶುರುವಾಯಿತು, ಆಟ ದೊಡ್ಡವರ ಕೈಗೆ ಹೋಯಿತು. ಅಲ್ಲಿಂದ ಅವರು ಮಾಡಿದ ಕೆಲಸ ಅಂಬಿಗನನ್ನು ಹೊರಹಾಕಿದ್ದು. 1879ರ ಹೆನ್ಲಿ ನಿಯಮದ ಪ್ರಕಾರ ದುಡ್ಡಿಗೆ ದೋಣಿ ನಡೆಸಿದವರಷ್ಟೇ ಅಲ್ಲ, ಕೈಕಸುಬಿನವರು, ಕೂಲಿಯವರು ಯಾರೂ ‘ಹವ್ಯಾಸಿ’ ಅಲ್ಲ, ಅವರಿಗೆ ಪ್ರವೇಶವಿಲ್ಲ. ಅಮೆರಿಕದ ಜಾನ್ ಕೆಲಿ ಇಟ್ಟಿಗೆ ಕಟ್ಟುವ ಗೌಂಡಿ ಕೆಲಸ ಮಾಡಿದವನು. 1920ರಲ್ಲಿ ಹೆನ್ಲಿ ಅವನ ಅರ್ಜಿಯನ್ನು ತಿರಸ್ಕರಿಸಿತು. ಅದೇ ವರ್ಷ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಅವನು ಎರಡು ಚಿನ್ನ ಗೆದ್ದ. ಕೈಕಸುಬಿನವರ ಮೇಲಿನ ಆ ನಿರ್ಬಂಧ ತೆರವಾಗಲು 1937 ಬರಬೇಕಾಯಿತು. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ 12ನೇ ಶತಮಾನದಲ್ಲೇ ಅಂಬಿಗನೊಬ್ಬ ತನ್ನ ಕಸುಬನ್ನೇ ಹೆಸರಿನ ಮುಂದಿಟ್ಟುಕೊಂಡು ವಚನ ಹೇಳಿದ ನಾಡಿನವರಿಗೆ ಈ ನಿಯಮ ಓದಿ ನಗು ಬರಬೇಕು.

ಭಾರತಕ್ಕೆ ರೋಯಿಂಗ್ ಬಂದದ್ದು ಈ ದೊಡ್ಡವರ ಕ್ಲಬ್ಬಿನ ರೂಪದಲ್ಲೇ. ಕಲ್ಕತ್ತಾ ರೋಯಿಂಗ್ ಕ್ಲಬ್ 1858ರದ್ದು, ಮದ್ರಾಸ್ ಬೋಟ್ ಕ್ಲಬ್ 1867ರದ್ದು, ಪುಣೆಯ ರಾಯಲ್ ಕನ್ನಾಟ್ ಬೋಟ್ ಕ್ಲಬ್ 1868ರದ್ದು. ಬಂದರು ಅಥವಾ ದಂಡು, ಇವೆರಡು ಇದ್ದಲ್ಲಿ ಮಾತ್ರ ದೋಣಿಮನೆ. ರೈಲ್ವೆ ಮತ್ತು ಹತ್ತಿಯ ಊರಾದ ಹುಬ್ಬಳ್ಳಿಗೆ ಅದು ಬರುವ ಕಾರಣವೇ ಇರಲಿಲ್ಲ. ರೋಯಿಂಗ್ ಫೆಡರೇಶನ್ ಆಫ್ ಇಂಡಿಯಾ ಸ್ಥಾಪನೆಯಾದದ್ದು 1976ರಲ್ಲಿ. 1982ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಈ ಆಟ ಮೊದಲ ಸಲ ಸೇರಿತು, ಪಂದ್ಯಗಳು ಜೈಪುರದ ಬಳಿಯ ರಾಮಗಢ ಕೆರೆಯಲ್ಲಿ ನಡೆದವು. ಕ್ಲಬ್ಬುಗಳ ಕೈಯಿಂದ ಆಟ ಸೈನ್ಯದ ಕೈಗೆ ಜಾರಿದ್ದು ಈ ಕಾಲದಲ್ಲೇ. ಅದಕ್ಕೆ ಕಾರಣ ಸರಳ. ಸೈನ್ಯದ ಎಂಜಿನಿಯರ್ ದಳದವರು ಸೇತುವೆ ಕಟ್ಟುವ ತರಬೇತಿಗೆ ಹೇಗೂ ನೀರಿನ ಪಕ್ಕ ಇರಬೇಕು. ಪುಣೆಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಸೈನ್ಯದ ರೋಯಿಂಗ್ ತರಬೇತಿ ಕೇಂದ್ರವಾದ ಆರ್ಮಿ ರೋಯಿಂಗ್ ನೋಡ್ ಇದೆ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಹಲಸೂರು ಕೆರೆಗೆ ಅಂಟಿಕೊಂಡೇ ಇದೆ. ನೀರು, ದೋಣಿ, ಊಟ, ಸಂಬಳ ಒಂದೇ ಗೇಟಿನೊಳಗೆ. ವರ್ಷಕ್ಕೆ ಸಾವಿರಾರು ರಂಗರೂಟರು ಬರುವಾಗ ಅವರಲ್ಲಿ ಆರಡಿ ಮೀರಿದವನನ್ನು ಹೆಕ್ಕಿ ದೋಣಿಗೆ ಕೂರಿಸುವುದು ಕಷ್ಟವಲ್ಲ. ದತ್ತು ಭೋಕನಳ್ 2012ರಲ್ಲಿ ಸೈನ್ಯ ಸೇರಿದರು, 2016ಕ್ಕೆ ಒಲಿಂಪಿಕ್ಸ್‌ನಲ್ಲಿದ್ದರು.

ನಾಲ್ಕು ವರ್ಷ! ಆದರೆ ಅದನ್ನೇ ಮಾದರಿ ಎಂದುಕೊಳ್ಳುವಂತಿಲ್ಲ, ಅದೊಂದು ಅಪವಾದ. ಸಾಮಾನ್ಯವಾಗಿ ಒಬ್ಬ ರೋವರ್ ಹದಕ್ಕೆ ಬರಲು ಆರೆಂಟು ವರ್ಷ ಬೇಕು. 2022ರ ಅಗ್ನಿಪಥದ ನಂತರ ಸಾಮಾನ್ಯ ಸಿಪಾಯಿಯ ಮೊದಲ ಅವಧಿಯೇ ನಾಲ್ಕು ವರ್ಷ, ಅದರ ಆಚೆ ಉಳಿಯುವುದು ಗರಿಷ್ಠ ನೂರಕ್ಕೆ 25 ಜನ. ಭರ್ತಿಯಾದ ಮೇಲೆ ಹುಡುಗನನ್ನು ಗುರುತಿಸಿ ನಿಧಾನಕ್ಕೆ ಬೆಳೆಸುವ ಹಳೆಯ ದಾರಿ ಇದರಿಂದ ಇಕ್ಕಟ್ಟಾಗುತ್ತದೆ. ಸ್ಪೋರ್ಟ್ಸ್ ಕೋಟಾದ ನೇರ ನೇಮಕ ಬೇರೆ ಮಾತು, ಅದಕ್ಕೆ ಮೊದಲೇ ಸಾಧನೆ ಕೈಯಲ್ಲಿರಬೇಕು. ಅಂದರೆ ಹುಡುಗ ಸೈನ್ಯಕ್ಕೆ ಹೋಗುವ ಮೊದಲೇ, ಹೈಸ್ಕೂಲಿನಲ್ಲೇ, ಯಾರೋ ಅವನನ್ನು ತಯಾರು ಮಾಡಿರಬೇಕು. ನಮ್ಮ ಜಿಲ್ಲೆಗಳಿಗೆ ಸಂಬಂಧಿಸಿದ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ.

ಅಷ್ಟರಲ್ಲಿ ಆಟದ ನಿಯಮವೂ ಬದಲಾಗಿದೆ. ಜನರ ಎತ್ತರ ಕಡಿಮೆ ಇರುವ ದೇಶಗಳಿಗೂ ಅವಕಾಶ ಸಿಗಲೆಂದು 1996ರ ಅಟ್ಲಾಂಟಾದಿಂದ ಒಲಿಂಪಿಕ್ಸ್‌ನಲ್ಲಿ ಲೈಟ್‌ವೇಟ್ ವಿಭಾಗ ಇತ್ತು. ಗಂಡಸರು 72.5 ಕೆ.ಜಿ. ಮೀರಬಾರದು, ಜೋಡಿಯ ಸರಾಸರಿ 70. ಹೆಂಗಸರು 59, ಸರಾಸರಿ 57. ಭಾರತ ಒಲಿಂಪಿಕ್ ರೋಯಿಂಗಿಗೆ ಕಾಲಿಟ್ಟದ್ದು 2000ದ ಸಿಡ್ನಿಯಲ್ಲಿ, ಅಲ್ಲಿಂದ ಪ್ಯಾರಿಸ್‌ವರೆಗೆ ಏಳು ಕೂಟ. ಇವುಗಳಲ್ಲಿ 2008, 2012 ಮತ್ತು ಟೋಕಿಯೊ, ಮೂರರಲ್ಲಿ ನಮ್ಮವರು ಲೈಟ್‌ವೇಟ್ ಜೋಡಿಯನ್ನು ಕಳಿಸಿದ್ದರು. ಟೋಕಿಯೊದಲ್ಲಿ ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್ 11ನೆಯವರಾಗಿ ಬಂದರು, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದೇ ಜೋಡಿ ಬೆಳ್ಳಿ ತಂದಿತು. ಆ ಬಾಗಿಲು ಪ್ಯಾರಿಸ್ ಕೂಟದೊಂದಿಗೆ ಮುಚ್ಚಿತು. 2028ರ ಲಾಸ್ ಏಂಜಲಿಸ್‌ನಲ್ಲಿ ಲೈಟ್‌ವೇಟ್ ಇಲ್ಲ. ಅದರ ಜಾಗಕ್ಕೆ ಬಂದಿರುವುದು ಸಮುದ್ರದಂಡೆಯ ‘ಬೀಚ್ ಸ್ಪ್ರಿಂಟ್’. ಮರಳಿನ ಮೇಲೆ ಓಡಿ ದೋಣಿ ಹತ್ತಬೇಕು, ತೇಲುಬುರುಡೆಗಳ ನಡುವೆ ಅತ್ತಿತ್ತ ಬಾಗುತ್ತ 250 ಮೀಟರ್ ಹೋಗಿ ತಿರುಗಿ ಬರಬೇಕು, ಮತ್ತೆ ಮರಳಲ್ಲಿ ಓಡಿ ಗುಂಡಿ ಒತ್ತಬೇಕು. ಗಂಡಸರ ಒಂಟಿ, ಹೆಂಗಸರ ಒಂಟಿ, ಮಿಶ್ರ ಜೋಡಿ, ಹೀಗೆ ಮೂರು ಪದಕ. ಮಾಮೂಲಿ ರೋಯಿಂಗಿನ ದೂರವೂ ಲಾಂಗ್ ಬೀಚ್‌ನಲ್ಲಿ ಜಾಗ ಸಾಲದ್ದರಿಂದ 2000ದ ಬದಲು 1500 ಮೀಟರ್.

ಹಾಗಾದರೆ ಐದೂವರೆ ಅಡಿಯ ಚುರುಕು ಹುಡುಗನಿಗೆ ಇನ್ನು ಈ ಆಟದಲ್ಲಿ ಜಾಗವಿಲ್ಲವೇ? ಏಷ್ಯಾ ಮಟ್ಟದಲ್ಲಿ ಇದೆ, ಒಲಿಂಪಿಕ್ ಮಟ್ಟದಲ್ಲಿ ಬಹಳ ಕಷ್ಟ. ಉದ್ದ ಕೈಕಾಲಿನವನ ಒಂದೊಂದು ಹುಟ್ಟೂ ನೀರಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅದನ್ನು ಚುರುಕಿನಿಂದ ತುಂಬಿಕೊಳ್ಳಲಾಗದು. ಆದ್ದರಿಂದ ಇನ್ನು ಮುಂದೆ ಎತ್ತರದವರನ್ನು ಹುಡುಕುವುದೇ ಮೊದಲ ಕೆಲಸ. ಬ್ರಿಟನ್ 2007ರಲ್ಲಿ ಇದನ್ನು ಬಹಿರಂಗವಾಗಿಯೇ ಮಾಡಿತು. ಎತ್ತರದವರು ಬನ್ನಿ, ರೋಯಿಂಗ್ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ ಎಂದು ಕರೆ ಕೊಟ್ಟಿತು. ಹಾಗೆ ಬಂದವರಲ್ಲಿ ಹೆಲೆನ್ ಗ್ಲೋವರ್ ಎಂಬ ಪಿ.ಟಿ. ಟೀಚರ್ ಒಬ್ಬರು. 2008ರಲ್ಲಿ ದೋಣಿ ಹತ್ತಿದರು, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯರ ಮೊದಲ ಚಿನ್ನ ಅವರದೇ ಜೋಡಿಯದು.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗೆ ಬೇಕಾದದ್ದು ಈ ಬಗೆಯ ಹುಡುಕಾಟ, ಮತ್ತು ಅದಕ್ಕೆ ಕೆರೆ ಬೇಡ. ಇಲ್ಲಿ ಗರಡಿಮನೆಗಳಿವೆ, ಕಬಡ್ಡಿ ಇದೆ, ಗದಗಿನಲ್ಲಿ ಸೈಕ್ಲಿಂಗ್ ಬೇರೂರಿದೆ. ಇದರಲ್ಲಿ ಸೈಕ್ಲಿಂಗೇ ರೋಯಿಂಗಿಗೆ ಅತಿ ಹತ್ತಿರದ ನೆಂಟ. ಆರರಿಂದ ಎಂಟು ನಿಮಿಷ ನಡೆಯುವ 2000 ಮೀಟರ್ ಪಂದ್ಯದಲ್ಲಿ ಸುಮಾರು ಮುಕ್ಕಾಲು ಪಾಲು ಶಕ್ತಿ ಉಸಿರಿನಿಂದಲೇ ಬರಬೇಕು, ತೊಡೆ ಸುಡುತ್ತಿದ್ದರೂ ಲಯ ಬಿಡಬಾರದು. ಎದುರುಗಾಳಿಯಲ್ಲಿ ಸೈಕಲ್ ತುಳಿದ ಹುಡುಗಿಗೆ ಇದು ಹೊಸದಲ್ಲ. ಹುಡುಗಿ ಎಂದದ್ದು ಬೇಕೆಂದೇ. ಮಹಿಳಾ ರೋಯಿಂಗ್ ಒಲಿಂಪಿಕ್ಸ್ ಸೇರಿದ್ದು 1976ರಲ್ಲಿ, ಆದರೆ ಭಾರತದಿಂದ ಸಿಡ್ನಿಯಿಂದ ಪ್ಯಾರಿಸ್‌ವರೆಗಿನ ಏಳೂ ಕೂಟಗಳಿಗೆ ಹೋದವರು ಗಂಡಸರೇ. ಆಟ ಸೈನ್ಯದ ಆವರಣದಲ್ಲಿ ಬೆಳೆದದ್ದಕ್ಕೆ ತೆತ್ತ ಬೆಲೆ ಇದು. ಎತ್ತರದ ಹುಡುಗಿಯರಿಗೆ ದೇಶದೊಳಗೆ ಪೈಪೋಟಿ ಇನ್ನೂ ದಟ್ಟವಾಗಿಲ್ಲ.

ಹುಡುಕಾಟಕ್ಕೆ ಬೇಕಾದ ಯಂತ್ರದ ಹೆಸರು ಎರ್ಗೊಮೀಟರ್, ಆಡುಮಾತಿನಲ್ಲಿ ಎರ್ಗ್. ಜಿಮ್‌ಗಳಲ್ಲಿ ಮೂಲೆಯಲ್ಲಿ ಬಿದ್ದಿರುವ ‘ರೋಯಿಂಗ್ ಮಷಿನ್’ ಅದೇ. ಒಳ್ಳೆಯದರ ಬೆಲೆ ಲಕ್ಷ ದಾಟುತ್ತದೆ, ಆದರೂ ಒಂದು ದೋಣಿಗಿಂತ ಅಗ್ಗ, ಮುಳುಗುವುದೂ ಇಲ್ಲ. ಅದರ ಪರದೆಯ ಮೇಲೆ 500 ಮೀಟರಿಗೆ ಎಷ್ಟು ಸಮಯ ಎಂಬ ಲೆಕ್ಕ ಓಡುತ್ತದೆ, ಅದಕ್ಕೆ ಸ್ಪ್ಲಿಟ್ ಎನ್ನುತ್ತಾರೆ. ಸ್ಪ್ಲಿಟ್ 2 ನಿಮಿಷ ಇದ್ದರೆ 2000 ಮೀಟರ್ 8 ನಿಮಿಷದ್ದು, ಅದಕ್ಕೆ ಸುಮಾರು 203 ವ್ಯಾಟ್ ಶಕ್ತಿ ಬೇಕು. 1 ನಿಮಿಷ 45 ಸೆಕೆಂಡಿಗೆ ಇಳಿದರೆ 7 ನಿಮಿಷ, 302 ವ್ಯಾಟ್. 1 ನಿಮಿಷ 30 ಸೆಕೆಂಡಿಗೆ ಇಳಿದರೆ 6 ನಿಮಿಷ, 480 ವ್ಯಾಟ್. ಸಮಯ ನಾಲ್ಕನೇ ಒಂದು ಪಾಲು ಕಡಿಮೆಯಾಗಲು ಶಕ್ತಿ ಎರಡೂಕಾಲು ಪಟ್ಟಿಗಿಂತ ಹೆಚ್ಚಾಗಬೇಕು. ‘ಇನ್ನು ಮೂವತ್ತು ಸೆಕೆಂಡು ತಾನೇ’ ಎಂದು ಮಾಸ್ತರರು ಹುಡುಗನನ್ನು ಹುರಿದುಂಬಿಸುವ ಮೊದಲು ಈ ಲೆಕ್ಕ ನೆನಪಿರಲಿ. ಕೊನೆಯ ಮೂವತ್ತು ಸೆಕೆಂಡಿಗೆ ಮೂರು ವರ್ಷ ಹಿಡಿಯಬಹುದು.

ಹೊಸಬನಿಗೆ ಮೊದಲ ದಿನವೇ 2000 ಮೀಟರ್ ಪರೀಕ್ಷೆ ಕೊಡುವುದು ದೊಡ್ಡ ತಪ್ಪು. ಅವನು ಮೊದಲ 500 ಮೀಟರಿನಲ್ಲೇ ಸುಸ್ತಾಗುತ್ತಾನೆ, ಕೈಗೆ ಬರುವ ಅಂಕಿ ಅವನ ಶಕ್ತಿಯದ್ದಲ್ಲ, ಅವನ ಅಜ್ಞಾನದ್ದು. ಎತ್ತರ, ಕೈಚಾಚಿದ ಅಳತೆ, ಒಂದು ನಿಮಿಷದ ಜೋರು ಎಳೆತ, ಬೇರೊಂದು ದಿನ ಇಪ್ಪತ್ತು ನಿಮಿಷದ ಸಮಗತಿ, ಇಷ್ಟು ಸಾಕು. ಮೊದಲ ಎರಡು ವಾರ ನಿಮಿಷಕ್ಕೆ 18ರಿಂದ 20 ಎಳೆತ ದಾಟಬಾರದು. ಕಾಲಿನ ಪಟ್ಟಿ ಹೆಬ್ಬೆರಳಿನ ಬುಡದ ಗಂಟಿನ ಮೇಲೆ ಬರಬೇಕು. ಮುಂದೆ ಜಾರಿದಾಗ ಮೊಣಕಾಲಿನ ಕೆಳಗಿನ ಎಲುಬು ನೆಟ್ಟಗೆ ನಿಂತರೆ ಸಾಕು, ಅದಕ್ಕಿಂತ ಮುಂದೆ ಹೋದರೆ ಬೆನ್ನಿನ ಬಿಗಿ ತಪ್ಪುತ್ತದೆ. ಎಳೆಯುವಾಗ ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ಕೈ. ಮರಳುವಾಗ ತಿರುವು: ಕೈ, ಬೆನ್ನು, ಕಾಲು. ಕುಸ್ತಿ ಹುಡುಗರು ಕೈಯಿಂದಲೇ ಶುರು ಮಾಡುತ್ತಾರೆ, ಹಿಡಿದದ್ದನ್ನು ಎಳೆಯುವ ಚಾಳಿ ಅದು. ಸೈಕಲ್ ಹುಡುಗರದು ಬೇರೆ ತೊಂದರೆ: ಕಾಲು ಜೋರಾಗಿ ಒದೆಯುತ್ತದೆ, ಸೀಟು ಹಿಂದಕ್ಕೆ ಜಾರುತ್ತದೆ, ಹಿಡಿಕೆ ಇದ್ದಲ್ಲೇ ಇರುತ್ತದೆ. ಆಮೇಲೆ ಸೊಂಟದಿಂದ ಜಗ್ಗಬೇಕಾಗಿ ಕೆಳಬೆನ್ನು ಹಿಡಿಯುತ್ತದೆ.

ಯಂತ್ರದ ಪಕ್ಕದಲ್ಲಿರುವ 1ರಿಂದ 10ರ ಸನ್ನೆಯನ್ನು ಎಲ್ಲರೂ 10ಕ್ಕೆ ತಳ್ಳುತ್ತಾರೆ, ಗಟ್ಟಿಯಾದಷ್ಟೂ ಒಳ್ಳೆಯದೆಂಬ ಭಾವನೆ. ಅದು ಭಾರದ ಅಳತೆಯಲ್ಲ, ಚಕ್ರದೊಳಗೆ ಎಷ್ಟು ಗಾಳಿ ಬಿಡಬೇಕೆಂಬ ಕಿಂಡಿ. ನೋಡಬೇಕಾದದ್ದು ಪರದೆಯಲ್ಲಿ ಸಿಗುವ ಡ್ರ್ಯಾಗ್ ಫ್ಯಾಕ್ಟರ್, ಅಂದರೆ ಚಕ್ರಕ್ಕೆ ಗಾಳಿ ಒಡ್ಡುವ ತಡೆಯ ಅಂಕಿ. ಹುಡುಗರಿಗೆ 110ರಿಂದ 130, ಹುಡುಗಿಯರಿಗೆ ಅದಕ್ಕಿಂತ ತುಸು ಕಡಿಮೆ ಇದ್ದರೆ ದೋಣಿಯ ಅನುಭವಕ್ಕೆ ಹತ್ತಿರ. ನಮ್ಮೂರಿನ ಧೂಳಿಗೆ ಇಲ್ಲೊಂದು ಪಾತ್ರವಿದೆ. ಚಕ್ರದ ಜಾಲರಿಯಲ್ಲಿ ಧೂಳು, ಅರಳೆಯ ನವಿರು ಕಟ್ಟಿದರೆ ಗಾಳಿ ಹೋಗುವುದಿಲ್ಲ. ಸನ್ನೆ ಮೊನ್ನೆಯ ಅಂಕಿಯಲ್ಲೇ ಇದ್ದರೂ ಡ್ರ್ಯಾಗ್ ಇಳಿದಿರುತ್ತದೆ, ಹುಡುಗನ ಅಂಕಿ ಹೋದ ತಿಂಗಳಿನದಕ್ಕೆ ಹೋಲುವುದಿಲ್ಲ. ಜಾಲರಿಯ ಧೂಳನ್ನು ಆಗಾಗ ವ್ಯಾಕ್ಯೂಮ್ ಹಿಡಿದು ತೆಗೆಯಬೇಕು, ಸರಪಳಿಗೆ 50 ತಾಸಿಗೊಮ್ಮೆ ಎಣ್ಣೆ, ಸೀಟಿನ ಹಳಿಗೆ ದಿನವೂ ಬಟ್ಟೆ.

ಇಷ್ಟಾದ ಮೇಲೆ ನೀರು. ಪಂದ್ಯದ ಅಂಗಳವೆಂದರೆ ನೇರ 2000 ಮೀಟರ್, 13.5 ಮೀಟರ್ ಅಗಲದ ಆರು ಸಾಲು, ಎಲ್ಲೆಡೆ ಸುಮಾರು 3 ಮೀಟರ್ ಆಳ, ಗುರಿಯ ಆಚೆ ದೋಣಿ ನಿಲ್ಲಲು ಇನ್ನಷ್ಟು ನೀರು. ಉಣಕಲ್ ಕೆರೆಯಲ್ಲಿ ಇದು ಸಿಗದು, ನಡುವೆ ವಿವೇಕಾನಂದರ ಪ್ರತಿಮೆಯ ನಡುಗಡ್ಡೆಯೂ ಇದೆ. ಭೀಷ್ಮ ಕೆರೆ ಇನ್ನೂ ಚಿಕ್ಕದು. ಗದಗ ಜಿಲ್ಲೆಯ ಮಾಗಡಿ ಕೆರೆ ಪಟ್ಟೆತಲೆ ಹೆಬ್ಬಾತುಗಳದ್ದು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿ ಸೇರಿದೆ, ಅದನ್ನು ಅವಕ್ಕೇ ಬಿಡಬೇಕು. ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಉದ್ದ ಸಿಗುತ್ತದೆ, ಆದರೆ ಗೇಟು ತೆರೆದ ದಿನ ಮಟ್ಟ ಇಳಿಯುತ್ತದೆ, ಸೆಳೆತ ಬರುತ್ತದೆ. ಕಲಿಯಲು ಮಾತ್ರ 2000 ಬೇಕಿಲ್ಲ, ಸ್ವಚ್ಛವಾದ 500 ಮೀಟರ್ ಸಾಕು. ಒತ್ತಿ ಹೇಳಬೇಕಾದದ್ದು ‘ಸ್ವಚ್ಛ’ ಎಂಬ ಮಾತನ್ನು. ದೋಣಿಯ ಅಡಿಯಲ್ಲಿ ಅಂಗೈಯಷ್ಟು ಒಂದು ರೆಕ್ಕೆ ಇರುತ್ತದೆ, ದೋಣಿ ನೇರ ಹೋಗುವುದು ಅದರಿಂದ. ಅಂತರಗಂಗೆಯ ಒಂದು ಗೊಂಚಲು ಅದಕ್ಕೆ ಸಿಕ್ಕಿಕೊಂಡರೆ ದೋಣಿ ಒಂದೇ ಕಡೆ ಎಳೆಯುತ್ತದೆ, ಜೋರಿನಲ್ಲಿದ್ದರೆ ರೆಕ್ಕೆಯೇ ಕಿತ್ತು ಬರುತ್ತದೆ. ಬೊಬ್ಬೆ ಒಡೆದ ಅಂಗೈಯನ್ನು ಚರಂಡಿ ಸೇರುವ ನೀರಿನಲ್ಲಿ ಅದ್ದಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕೆರೆಯನ್ನೇ ನಂಬಿ ಕೂರಬಾರದು ಎಂಬುದಕ್ಕೆ ರಾಮಗಢಕ್ಕಿಂತ ದೊಡ್ಡ ಸಾಕ್ಷಿ ಬೇಡ. 1982ರಲ್ಲಿ ಏಷ್ಯಾದ ದೋಣಿಗಳು ಓಡಿದ ಆ ಕೆರೆ ಆಮೇಲೆ ಬತ್ತಿಹೋಯಿತು, ಮೇಲಿನ ಹಳ್ಳಗಳ ಅಡ್ಡಗಟ್ಟೆ, ಒತ್ತುವರಿಗಳ ವಿಷಯ ಹೈಕೋರ್ಟಿನವರೆಗೆ ಹೋಯಿತು. ಹುಬ್ಬಳ್ಳಿಗೆ ಕುಡಿಯುವ ನೀರು ಕೊಡುವ ನೀರಸಾಗರ ಬರದಲ್ಲಿ ತಳ ತೋರಿಸಿದ್ದನ್ನು ಕಂಡವರಿಗೆ ಇದು ದೂರದ ಕಥೆಯಲ್ಲ. ಅದಕ್ಕೇ ಬೀಚ್ ಸ್ಪ್ರಿಂಟ್ ನಮಗೆ ಒಗ್ಗಬಹುದೆಂದು ತೋರುತ್ತದೆ. ಅರಬೈಲ್ ಘಟ್ಟ ಇಳಿದರೆ ಕಾರವಾರ ಹುಬ್ಬಳ್ಳಿಯಿಂದ ನಾಲ್ಕು ತಾಸಿನ ದಾರಿ. ಸಮುದ್ರದ ಒಂಟಿ ದೋಣಿ 6 ಮೀಟರ್ ಉದ್ದ, ಕನಿಷ್ಠ 35 ಕೆ.ಜಿ., ಅಗಲ, ಗಟ್ಟಿ, ಒಳಗೆ ನುಗ್ಗಿದ ನೀರು ತಾನೇ ಹೊರಹೋಗುತ್ತದೆ. ಕೆರೆಯ ಒಂಟಿ ದೋಣಿ ಎಂಟು ಮೀಟರಿಗಿಂತ ಉದ್ದ, ತೂಕ 14 ಕೆ.ಜಿ., ಅಗಲ ಒಂದಡಿಯೂ ಇಲ್ಲ, ಕಾಲು ತಪ್ಪಿ ಇಟ್ಟರೆ ತಳವೇ ತೂತು. ವಾರದಲ್ಲಿ ಆರು ದಿನ ಎರ್ಗ್, ತಿಂಗಳಿಗೆ ಎರಡು ಸಲ ಕಾರವಾರ, ಮಳೆಗಾಲದ ನಾಲ್ಕು ತಿಂಗಳು ಸಮುದ್ರದ ಕಡೆ ತಲೆ ಹಾಕುವಂತಿಲ್ಲ. ಇಷ್ಟನ್ನು ಒಂದು ಕ್ರೀಡಾ ಹಾಸ್ಟೆಲ್ ಮನಸ್ಸು ಮಾಡಿದರೆ ನಡೆಸಬಹುದು.

ನೀರಿಗೆ ಇಳಿಸುವ ಮೊದಲಿನ ಶರತ್ತುಗಳಲ್ಲಿ ಮಾತ್ರ ರಿಯಾಯಿತಿ ಬೇಡ. 2022ರ ಮೇ ತಿಂಗಳಲ್ಲಿ ಕೋಲ್ಕತ್ತದ ರವೀಂದ್ರ ಸರೋವರದಲ್ಲಿ ಅಭ್ಯಾಸದ ಹೊತ್ತಿಗೆ ಬಿರುಗಾಳಿ ಎದ್ದು ದೋಣಿ ಮಗುಚಿ ಇಬ್ಬರು ಶಾಲಾ ಹುಡುಗರು ಮುಳುಗಿ ಸತ್ತರು. ನೂರೈವತ್ತು ವರ್ಷದ ರೋಯಿಂಗ್ ಇರುವ ಊರದು. ನಮ್ಮ ಕಡೆಯ ಮೇ ತಿಂಗಳ ಅಡ್ಡಮಳೆಯೂ ಹಾಗೆಯೇ, ನಾಲ್ಕು ಗಂಟೆಗೆ ಬಿಸಿಲು, ನಾಲ್ಕೂವರೆಗೆ ಗುಡುಗು. ಬಟ್ಟೆ ತೊಟ್ಟು ಈಜಲು ಬಾರದವರನ್ನು ದೋಣಿ ಹತ್ತಿಸಬಾರದು. ಅಭ್ಯಾಸ ಬೆಳಗಿನ ಹೊತ್ತೇ ಆಗಬೇಕು. ಪ್ರತಿ ಸಲ ಬೆನ್ನಿಗೊಂದು ಮೋಟಾರು ದೋಣಿ ಇರಬೇಕು. ಹೊರಡುವ ಮೊದಲು ಬೂಟಿನ ಹಿಮ್ಮಡಿ ದಾರವನ್ನು ಎಳೆದು ನೋಡಬೇಕು. ಹಿಮ್ಮಡಿ 7 ಸೆಂಟಿಮೀಟರಿಗಿಂತ ಮೇಲೇಳದಂತೆ ಆ ದಾರ ತಡೆದರೆ ಮಾತ್ರ, ದೋಣಿ ಮಗುಚಿದಾಗ ಕಾಲು ಬೂಟಿನಿಂದ ತಾನಾಗಿ ಕಳಚಿಕೊಳ್ಳುತ್ತದೆ. ಒಂದು ಗೇಣು ದಾರ, ಬೆಲೆ ಐದು ರೂಪಾಯಿಯೂ ಆಗದು. ಮೊದಲು ಹರಿಯುವುದು ಅದೇ, ಬದಲಿಸಲು ಮರೆಯುವುದೂ ಅದನ್ನೇ.